ಲಸಿಕೆ ಪರೀಕ್ಷೆಯ ‘ಹಂತ’ವನ್ನು ಯಾವುದರ ಮೇಲೆ ಗೊತ್ತುಮಾಡುತ್ತಾರೆ?

ಪ್ರಶ್ನೆ: ಲಸಿಕೆಗಳ ಸುದ್ದಿಯಲ್ಲಿ ಒಂದು ಕಡೆ ‘ಎರಡನೇ ಹಂತ’, ಇನ್ನೊಂದು ಕಡೆ ‘2ಬಿ’, ಮತ್ತೊಂದು ಕಡೆ ‘2/3ನೇ ಹಂತ’ ಅಂತ ಇರುತ್ತದೆ. ಮೊದಲ ಹಂತಕ್ಕೆ ಹತ್ತಾರು ಜನ, ಎರಡನೆಯದಕ್ಕೆ ನೂರಾರು, ಮೂರನೆಯದಕ್ಕೆ ಸಾವಿರಾರು ಅಂತ ಓದಿದ್ದೆ. ಆದರೆ ಮೂರೂವರೆ ಸಾವಿರ ಜನರ ಮೇಲೆ ನಡೆದ ಕ್ಷಯದ ಲಸಿಕೆಯ ಪರೀಕ್ಷೆಯನ್ನು ಎರಡನೇ ಹಂತ ಅಂತಲೇ ಕರೆಯುತ್ತಾರೆ. ಹಾಗಾದರೆ ಹಂತವನ್ನು ಗೊತ್ತುಮಾಡುವುದು ಯಾವುದು? ಕೋವಿಡ್ ಲಸಿಕೆಗಳು ಒಂದು ವರ್ಷದೊಳಗೆ ಬಂದವಲ್ಲ, ಹಂತಗಳನ್ನು ಹಾರಿಸಿದರಾ? ನಾಲ್ಕನೇ ಹಂತ ಲಸಿಕೆ ಬಳಕೆಗೆ ಬಂದ ಮೇಲೆ ಅಂತಾರೆ. ಅಂದರೆ ಪರೀಕ್ಷೆ ಮುಗಿಯುವ ಮೊದಲೇ ನಮಗೆ ಚುಚ್ಚುತ್ತಾರೆ ಅಂತಲಾ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ತಲೆ ಎಣಿಸಿ ಹಂತ ಹೇಳಲು ಆಗುವುದಿಲ್ಲ. ಆ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ ಅನ್ನುವುದರ ಮೇಲೆ ಹಂತ ನಿಂತಿದೆ. ಈ ಲಸಿಕೆ ಮನುಷ್ಯರ ಮೈಗೆ ಆಗಿಬರುತ್ತದಾ? ಇದು ಮೊದಲ ಹಂತ. ಎಷ್ಟು ಡೋಸ್, ಎಷ್ಟು ದಿನದ ಅಂತರ, ಯಾವ ವಯಸ್ಸಿನವರಿಗೆ? ಇದು ಎರಡನೆಯದು. ರೋಗವನ್ನು ನಿಜವಾಗಿ ತಡೆಯುತ್ತದಾ? ಮೂರನೆಯದು. ಲಕ್ಷಾಂತರ ಜನ ಹಾಕಿಸಿಕೊಂಡ ಮೇಲೆ ಏನಾಗುತ್ತದೆ? ನಾಲ್ಕನೆಯದು. ಎಷ್ಟು ಜನ ಬೇಕು ಅನ್ನುವುದು ಈ ಪ್ರಶ್ನೆಗಳಿಂದ ಹುಟ್ಟುವ ಲೆಕ್ಕ.

ನೀವು ಓದಿದ ಸಂಖ್ಯೆಗಳೂ ಸುಮ್ನೆ ಬಂದವಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ನಿಯಮಗಳಲ್ಲಿ ಮೊದಲ ಹಂತಕ್ಕೆ ಸಾಮಾನ್ಯವಾಗಿ 20ರಿಂದ 80 ಜನ, ಎರಡನೆಯದಕ್ಕೆ ಹೆಚ್ಚೆಂದರೆ ಕೆಲವು ನೂರು, ಮೂರನೆಯದಕ್ಕೆ ಕೆಲವು ನೂರರಿಂದ ಕೆಲವು ಸಾವಿರ ಅಂತ ಇದೆ. ಅದು ಎಲ್ಲ ಬಗೆಯ ಔಷಧಿಗಳಿಗೂ ಸೇರಿಸಿ ಹೇಳಿದ ಅಂದಾಜು. ಲಸಿಕೆಯ ಮೂರನೇ ಹಂತ ಈ ಅಂಕಿಯನ್ನು ಎಂದೋ ದಾಟಿದೆ. ಔಷಧಿ ನಿಯಂತ್ರಕರ ಅಂತರರಾಷ್ಟ್ರೀಯ ಕೂಟವಾದ ಐಸಿಎಚ್ ತನ್ನ ಇ8 ಮಾರ್ಗಸೂಚಿಯಲ್ಲಿ 1997ರಲ್ಲೇ ಹೇಳಿತ್ತು: ಹಂತದ ಸಂಖ್ಯೆಯೊಂದರಿಂದ ಪರೀಕ್ಷೆಗಳನ್ನು ವಿಂಗಡಿಸಿದರೆ ಸಾಲದು, ಉದ್ದೇಶ ನೋಡಿ ಅಂತ. ಆದರೂ ಸುದ್ದಿಯಲ್ಲಿ ಸಂಖ್ಯೆಯೇ ಉಳಿದುಕೊಂಡಿತು. ಹೇಳೋಕೆ ಅದೇ ಸುಲಭ ಅಲ್ವಾ!

ನೀವು ಹೇಳಿದ ಕ್ಷಯದ ಲಸಿಕೆ ಎಂ72. ದಕ್ಷಿಣ ಆಫ್ರಿಕಾ, ಕೀನ್ಯಾ, ಜಾಂಬಿಯಾಗಳಲ್ಲಿ ಸುಮಾರು 3,500 ವಯಸ್ಕರ ಮೇಲೆ ಪರೀಕ್ಷೆ ನಡೆಯಿತು. ಇವರೆಲ್ಲರ ಮೈಯಲ್ಲಿ ಕ್ಷಯದ ಸೋಂಕು ಮಲಗಿತ್ತು, ರೋಗ ಮಾತ್ರ ಇರಲಿಲ್ಲ. ಮೂರು ವರ್ಷದ ಕೊನೆಗೆ ಲಸಿಕೆ ಪಡೆದ ಗುಂಪಿನಲ್ಲಿ 13 ಜನರಿಗೆ ಶ್ವಾಸಕೋಶದ ಕ್ಷಯ ಬಂದಿತ್ತು, ಪ್ಲಸೀಬೊ, ಅಂದರೆ ಲಸಿಕೆಯಿಲ್ಲದ ಹುಸಿ ಚುಚ್ಚುಮದ್ದು, ಪಡೆದವರಲ್ಲಿ 26 ಜನರಿಗೆ. ಅಂದರೆ ರೋಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆದರೆ ಒಟ್ಟು ಸಿಕ್ಕಿದ್ದು 39 ರೋಗಿಗಳು ಮಾತ್ರ. ಇಷ್ಟು ಕಡಿಮೆ ಆದಾಗ ಲೆಕ್ಕದ ಅನಿಶ್ಚಿತತೆ ತುಂಬ ಜಾಸ್ತಿ. ನಿಜವಾದ ರಕ್ಷಣೆ ಶೇ 2ರಷ್ಟು ಕೆಳಗೂ ಇರಬಹುದು, ಶೇ 74ರಷ್ಟು ಮೇಲೂ ಇರಬಹುದು ಅಂತ ಅವರ ಲೆಕ್ಕವೇ ಹೇಳಿತು. ಈ ಪರೀಕ್ಷೆ ಕೇಳಿದ್ದು ‘ಕೆಲಸ ಮಾಡುವ ಸುಳಿವು ಇದೆಯಾ’ ಅಂತ. ‘ಕೆಲಸ ಮಾಡುತ್ತದೆ ಅಂತ ಸಾಬೀತಾಯಿತಾ’ ಅಂತ ಅಲ್ಲ. ಅದಕ್ಕೇ ಅದು 2ಬಿ. ಸಾಬೀತು ಮಾಡುವ ಮೂರನೇ ಹಂತ 2024ರಲ್ಲಿ ಶುರುವಾಯಿತು, ಸುಮಾರು 20,000 ಜನರ ಗುರಿ ಇಟ್ಟುಕೊಂಡು. ‘2ಎ’ ಅಂದರೆ ಸಾಮಾನ್ಯವಾಗಿ ಡೋಸು ಮತ್ತು ಪ್ರತಿಕಾಯಗಳನ್ನಷ್ಟೇ (ರೋಗಾಣುವಿನ ವಿರುದ್ಧ ರಕ್ತದಲ್ಲಿ ಹುಟ್ಟುವ ರಕ್ಷಕ ಅಂಶಗಳು) ನೋಡುವ ಪರೀಕ್ಷೆ. ‘2ಬಿ’ ಅಂದರೆ ರೋಗ ತಡೆಯುವ ಸುಳಿವನ್ನೂ ನೋಡುವುದು.

ಇನ್ನು ಮೊದಲ ಹಂತ. ಇಲ್ಲಿ ಔಷಧಿಗೂ ಲಸಿಕೆಗೂ ದೊಡ್ಡ ವ್ಯತ್ಯಾಸವಿದೆ. ಕ್ಯಾನ್ಸರ್ ಔಷಧಿಯ ಮೊದಲ ಹಂತ ಬಹುಪಾಲು ರೋಗಿಗಳ ಮೇಲೇ ನಡೆಯುತ್ತದೆ. ಅವರಿಗೆ ಬೇರೆ ದಾರಿ ಇರುವುದಿಲ್ಲ, ಸ್ವಲ್ಪ ಅಪಾಯವನ್ನು ತಡೆದುಕೊಳ್ಳಲು ಒಪ್ಪುತ್ತಾರೆ. ಲಸಿಕೆ ಹಾಕುವುದು ಆರೋಗ್ಯವಾಗಿರುವವರಿಗೆ. ಕೊನೆಗೆ ಅದು ಹೋಗುವುದು ಕೋಟಿಗಟ್ಟಲೆ ಆರೋಗ್ಯವಂತ ಮಕ್ಕಳಿಗೆ. ಹಾಗಾಗಿ ಅಪಾಯಕ್ಕೆ ಇಲ್ಲಿ ಜಾಗ ತೀರಾ ಕಡಿಮೆ.

ಇದು ಬರೀ ಭಯವಲ್ಲ. 1960ರ ದಶಕದಲ್ಲಿ ಶಿಶುಗಳ ಉಸಿರಾಟಕ್ಕೆ ತೊಂದರೆ ಕೊಡುವ ಆರ್‌ಎಸ್‌ವಿ ವೈರಸ್‌ಗೆ ಒಂದು ಲಸಿಕೆ ಮಾಡಿದ್ದರು. ವೈರಸ್ಸನ್ನು ಫಾರ್ಮಲಿನ್‌ನಲ್ಲಿ ನಿಷ್ಕ್ರಿಯಗೊಳಿಸಿ ತಯಾರಿಸಿದ್ದು. ಒಂದು ಪರೀಕ್ಷೆಯಲ್ಲಿ ಲಸಿಕೆ ಪಡೆದು ಆಮೇಲೆ ಸೋಂಕು ತಗುಲಿದ ಶಿಶುಗಳಲ್ಲಿ ನೂರಕ್ಕೆ 80ರಷ್ಟು ಆಸ್ಪತ್ರೆ ಸೇರಿದವು. ಇಬ್ಬರು ಶಿಶುಗಳು ಸತ್ತರು. ಲಸಿಕೆ ರಕ್ಷಣೆ ಕೊಡಲಿಲ್ಲ ಅನ್ನುವುದಷ್ಟೇ ಅಲ್ಲ, ರೋಗವನ್ನೇ ಜೋರು ಮಾಡಿತು. ಆರ್‌ಎಸ್‌ವಿಗೆ ಒಪ್ಪಿಗೆ ಪಡೆದ ಮೊದಲ ಲಸಿಕೆ ಬಂದದ್ದು 2023ರಲ್ಲಿ. ಇವತ್ತು ಹೊಸ ಲಸಿಕೆ ಕೊಟ್ಟ ಪ್ರಾಣಿಗಳಿಗೆ ಬೇಕೆಂದೇ ಸೋಂಕು ತಗುಲಿಸಿ, ರೋಗ ಜೋರಾಗುತ್ತದಾ ಅಂತ ನೋಡುವುದರ ಹಿಂದೆ ಈ ನೆನಪಿದೆ.

ಮೊದಲ ಹಂತದ ದಿನ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಎಲ್ಲರಿಗೂ ಒಂದೇ ದಿನ ಚುಚ್ಚುವುದಿಲ್ಲ. ಮೊದಲು ಒಬ್ಬರಿಗೋ ಇಬ್ಬರಿಗೋ ಅತಿ ಕಡಿಮೆ ಡೋಸ್. ಅವರನ್ನು ಒಂದೆರಡು ದಿನ ಗಮನಿಸುತ್ತಾರೆ. ತೊಂದರೆ ಇಲ್ಲದಿದ್ದರೆ ಆ ಗುಂಪಿನ ಉಳಿದವರಿಗೆ. ಆಮೇಲೆ ಸುರಕ್ಷತೆ ನೋಡುವ ತಂಡ ಕಾಗದಪತ್ರ ನೋಡಿ ಸರಿ ಅಂದ ಮೇಲೆಯೇ ಮುಂದಿನ ದೊಡ್ಡ ಡೋಸ್. 2006ರಲ್ಲಿ ಲಂಡನ್‌ನಲ್ಲಿ ಟಿಜಿಎನ್1412 ಅನ್ನುವ ಔಷಧಿಯನ್ನು, ಅದು ಲಸಿಕೆಯಲ್ಲ, ಆರು ಜನ ಆರೋಗ್ಯವಂತ ಗಂಡಸರಿಗೆ ಕೆಲವೇ ನಿಮಿಷಗಳ ಅಂತರದಲ್ಲಿ ಕೊಟ್ಟುಬಿಟ್ಟರು. ಆರೂ ಜನರ ಅಂಗಾಂಗಗಳು ಕೈಕೊಟ್ಟು ತೀವ್ರ ನಿಗಾ ಘಟಕ ಸೇರಿದರು. ಪುಣ್ಯಕ್ಕೆ ಎಲ್ಲರೂ ಬದುಕಿದರು. ಮೊದಲನೆಯವರಿಗೆ ಕೊಟ್ಟು ಒಂದು ದಿನ ಕಾದಿದ್ದರೆ ಉಳಿದ ಐವರು ಬಚಾವಾಗುತ್ತಿದ್ದರು. ಆಮೇಲೆ ಈ ಕಾಯುವ ಪದ್ಧತಿಯನ್ನು ಎಲ್ಲರೂ ಬಿಗಿ ಮಾಡಿಕೊಂಡರು.

ಲಸಿಕೆ ಹಾಕಿಸಿಕೊಂಡವರ ಕೈಗೆ ಒಂದು ಡೈರಿ ಕಾರ್ಡ್, ಒಂದು ಥರ್ಮಾಮೀಟರ್, ಒಂದು ಅಳತೆಪಟ್ಟಿ ಕೊಡುತ್ತಾರೆ. ಸಾಮಾನ್ಯವಾಗಿ ಏಳು ದಿನ ಪ್ರತಿ ಸಂಜೆ ಜ್ವರ ನೋಡಬೇಕು, ತೋಳಿನ ಕೆಂಪು ಎಷ್ಟು ಅಗಲ ಇದೆ ಅಂತ ಅಳೆದು ಬರೆಯಬೇಕು. ‘ಸ್ವಲ್ಪ ಕೆಂಪಾಗಿದೆ’ ಅಂತ ಬರೆದರೆ ನಡೆಯುವುದಿಲ್ಲ. ಎಫ್‌ಡಿಎ 2007ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ ಕೆಂಪು 2.5ರಿಂದ 5 ಸೆಂಟಿಮೀಟರ್ ಇದ್ದರೆ ಗ್ರೇಡ್ 1, 10 ದಾಟಿದರೆ ಗ್ರೇಡ್ 3. ಜ್ವರ 38ರಿಂದ 38.4 ಡಿಗ್ರಿ ಸೆಲ್ಸಿಯಸ್ ಇದ್ದರೆ ಗ್ರೇಡ್ 1, 39ರಿಂದ 40ರವರೆಗೆ ಗ್ರೇಡ್ 3, ಅದಕ್ಕೂ ಮೇಲೆ ಹೋದರೆ ಗ್ರೇಡ್ 4. ಗ್ರೇಡ್ 3ರವರು ಇಷ್ಟು ಜನ ಆದರೆ ಚುಚ್ಚುವುದನ್ನು ನಿಲ್ಲಿಸಬೇಕು ಅಂತ ಶುರುವಿನಲ್ಲೇ ಬರೆದಿಟ್ಟಿರುತ್ತಾರೆ. ಲಸಿಕೆ ಪರೀಕ್ಷೆಯಲ್ಲಿ ನನಗೆ ಬಹಳ ಇಷ್ಟವಾದ ಕಾಗದ ಈ ಡೈರಿ ಕಾರ್ಡು. ದೊಡ್ಡ ವಿಜ್ಞಾನ ನಿಂತಿರುವುದು ಯಾರೋ ಒಬ್ಬರು ಮರೆಯದೆ ತೋಳು ಅಳೆದದ್ದರ ಮೇಲೆ.

ಈ ಕಾರ್ಡುಗಳಿಂದ ಎಂಥ ತೀರ್ಮಾನ ಆಗುತ್ತದೆ ನೋಡಿ. ಫೈಜರ್-ಬಯೋಎನ್‌ಟೆಕ್ 2020ರಲ್ಲಿ ಒಂದೇ ಜಾತಿಯ ಎರಡು ಕೋವಿಡ್ ಲಸಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿತು: ಬಿ1 ಮತ್ತು ಬಿ2. ಬಿ1ರ 100 ಮೈಕ್ರೋಗ್ರಾಂ ಡೋಸ್ ಪಡೆದವರಿಗೆ ಜ್ವರ, ಮೈಕೈ ನೋವು ಜಾಸ್ತಿಯಾದ್ದರಿಂದ ಆ ಗುಂಪಿಗೆ ಎರಡನೇ ಡೋಸ್ ಕೊಡಲೇ ಇಲ್ಲ. ಪ್ರತಿಕಾಯಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಸಮ ಬಂದವು. ಆದರೆ ಬಿ2 ಪಡೆದವರಿಗೆ, ಅದರಲ್ಲೂ ವಯಸ್ಸಾದವರಿಗೆ, ಸುಸ್ತು ಜ್ವರ ಕಡಿಮೆ. ಬಿ2 ಮುಂದೆ ಹೋಯಿತು. ಜಗತ್ತು ಹಾಕಿಸಿಕೊಂಡದ್ದು ಅದನ್ನೇ, 30 ಮೈಕ್ರೋಗ್ರಾಂ ಡೋಸ್‌ನಲ್ಲಿ.

ಎರಡನೇ ಹಂತದ ಬಗ್ಗೆ ಜನ ಮಾತಾಡುವುದು ಕಡಿಮೆ. ಆದರೆ ಲಸಿಕೆಗಳು ಎಡವುವುದು ಬಹಳ ಸಲ ಇಲ್ಲೇ. ಇಲ್ಲಿ ನೂರಾರು ಜನ, ಬೇರೆ ಬೇರೆ ವಯಸ್ಸಿನವರು, ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿಕೆ. ಮಕ್ಕಳ ಲಸಿಕೆಯಾದರೆ ದೊಡ್ಡವರಿಂದ ಶುರುಮಾಡಿ ಹದಿಹರೆಯದವರು, ಮಕ್ಕಳು, ಕೊನೆಗೆ ಶಿಶುಗಳು ಅಂತ ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಮೇಲೆ ಹೇಳಿದ ಲಸಿಕೆಯನ್ನೇ ತೆಗೆದುಕೊಳ್ಳಿ. 5ರಿಂದ 11 ವರ್ಷದವರಿಗೆ 10 ಮೈಕ್ರೋಗ್ರಾಂ ಸಾಕಾಯಿತು. ಅದಕ್ಕಿಂತ ಚಿಕ್ಕವರಿಗೆ 3 ಮೈಕ್ರೋಗ್ರಾಂ ಆರಿಸಿದರು. ಎರಡು ಡೋಸ್ ಆದ ಮೇಲೆ ನೋಡಿದರೆ 2ರಿಂದ 4 ವರ್ಷದ ಮಕ್ಕಳಲ್ಲಿ ಪ್ರತಿಕಾಯ ಅಂದುಕೊಂಡಷ್ಟು ಬಂದಿರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಮೂರನೇ ಡೋಸ್ ಸೇರಿಸುವುದಾಗಿ ಹೇಳಬೇಕಾಯಿತು.

ಮೂರನೇ ಹಂತದ ಲೆಕ್ಕ ಬೇರೆಯೇ. ಇಲ್ಲಿ ನಿಜವಾಗಿ ಎಣಿಸುವುದು ಎಷ್ಟು ಜನ ಲಸಿಕೆ ಪಡೆದರು ಅಂತ ಅಲ್ಲ, ಎಷ್ಟು ಜನರಿಗೆ ರೋಗ ಬಂತು ಅಂತ. ಫೈಜರ್ ಪರೀಕ್ಷೆಯಲ್ಲಿ ಸುಮಾರು 44,000 ಜನ ಇದ್ದರು. ಅರ್ಧ ಜನರಿಗೆ ಲಸಿಕೆ, ಅರ್ಧ ಜನರಿಗೆ ಉಪ್ಪುನೀರು. ಯಾರಿಗೆ ಯಾವುದು ಅಂತ ಹಾಕಿಸಿಕೊಂಡವರಿಗೂ ಗೊತ್ತಿಲ್ಲ, ರೋಗ ಬಂತೇ ಅಂತ ತೀರ್ಮಾನಿಸುವ ವೈದ್ಯರಿಗೂ ಗೊತ್ತಿಲ್ಲ. ಕೊನೆಯ ಲೆಕ್ಕ ನಡೆದದ್ದು ಕೇವಲ 170 ರೋಗಿಗಳ ಮೇಲೆ. ಉಪ್ಪುನೀರಿನ ಗುಂಪಿನಲ್ಲಿ 162, ಲಸಿಕೆಯ ಗುಂಪಿನಲ್ಲಿ 8. ಎರಡೂ ಗುಂಪು ಒಂದೇ ಗಾತ್ರ, ಹಾಗಾಗಿ ಲೆಕ್ಕ ಸುಲಭ: 8ನ್ನು 162ರಿಂದ ಭಾಗಿಸಿದರೆ ಸುಮಾರು 0.05. ಅಂದರೆ ಬರಬೇಕಿದ್ದ ರೋಗದಲ್ಲಿ ನೂರಕ್ಕೆ 5 ಪಾಲು ಮಾತ್ರ ಬಂತು. ಶೇ 95 ರಕ್ಷಣೆ ಅನ್ನುವ ಆ ಪ್ರಸಿದ್ಧ ಅಂಕಿ ಹುಟ್ಟಿದ್ದು ಹೀಗೆ. ‘ನೂರು ಜನ ಹಾಕಿಸಿಕೊಂಡರೆ ಐದು ಜನರಿಗೆ ಕೋವಿಡ್ ಬರುತ್ತದೆ’ ಅಂತ ಇದನ್ನು ತಪ್ಪಾಗಿ ಓದಿದವರು ಬಹಳ. ಲಸಿಕೆ ಪಡೆದ ಸುಮಾರು ಇಪ್ಪತ್ತು ಸಾವಿರ ಜನರಲ್ಲಿ ಆ ಅವಧಿಯಲ್ಲಿ ಬಂದದ್ದು ಎಂಟು ಜನರಿಗೆ!

ಹಾಗಾದರೆ 44,000 ಯಾಕೆ ಬೇಕಾಯಿತು? ರೋಗ ಎಲ್ಲರಿಗೂ ಬರುವುದಿಲ್ಲ, ಅದಕ್ಕೆ. ನೂರೈವತ್ತು ಇನ್ನೂರು ರೋಗಿಗಳು ಬೇಗ ಸಿಗಬೇಕಾದರೆ ಜಾಸ್ತಿ ಜನರನ್ನು ಸೇರಿಸಬೇಕು. ರೋಗ ಹಬ್ಬಿರುವ ಕಡೆ ಪರೀಕ್ಷೆ ಬೇಗ ಮುಗಿಯುತ್ತದೆ. ರೋಗ ಇಳಿದುಬಿಟ್ಟರೆ ಎಷ್ಟು ಒಳ್ಳೆಯ ಲಸಿಕೆಯೂ ಅಲ್ಲೇ ನಿಲ್ಲುತ್ತದೆ. ಜೀಕಾಕ್ಕೆ ಆದದ್ದು ಅದೇ. 2016ರ ಗಲಾಟೆಯಲ್ಲಿ ಹಲವು ಲಸಿಕೆಗಳ ಕೆಲಸ ಶುರುವಾಯಿತು, ಅವು ಮನುಷ್ಯರ ಪರೀಕ್ಷೆಗೆ ಬರುವ ಹೊತ್ತಿಗೆ ರೋಗವೇ ಇಳಿದಿತ್ತು. 1954ರ ಪೋಲಿಯೊ ಲಸಿಕೆ ಪರೀಕ್ಷೆಯಲ್ಲಿ ಸುಮಾರು 18 ಲಕ್ಷ ಮಕ್ಕಳು ಇದ್ದದ್ದೂ ಇದೇ ಕಾರಣಕ್ಕೆ. ಪೋಲಿಯೊ ಅಂದರೆ ಊರೆಲ್ಲ ನಡುಗುತ್ತಿತ್ತು ನಿಜ, ಆದರೆ ಕೈಕಾಲು ಸೋಲುವುದು ಸಾವಿರಾರು ಮಕ್ಕಳಲ್ಲಿ ಒಬ್ಬರಿಗೋ ಇಬ್ಬರಿಗೋ.

ಅದೇ 2015ರಲ್ಲಿ ಗಿನಿಯಲ್ಲಿ ಎಬೋಲಾ ಲಸಿಕೆಯ ಮೂರನೇ ಹಂತ ಬೇರೆ ರೂಪದಲ್ಲಿ ನಡೆಯಿತು. ಅಲ್ಲಿ ಉಪ್ಪುನೀರಿನ ಗುಂಪೇ ಇರಲಿಲ್ಲ. ಒಬ್ಬ ರೋಗಿ ಸಿಕ್ಕರೆ ಅವರ ಸುತ್ತ ಓಡಾಡಿದವರೆಲ್ಲ ಒಂದು ಗುಂಪು. ಕೆಲವು ಗುಂಪುಗಳಿಗೆ ತಕ್ಷಣ ಲಸಿಕೆ, ಕೆಲವಕ್ಕೆ 21 ದಿನ ಬಿಟ್ಟು. ಯಾವುದಕ್ಕೆ ಯಾವಾಗ ಅನ್ನುವುದು ಚೀಟಿಯ ತೀರ್ಮಾನ. ತಕ್ಷಣ ಲಸಿಕೆ ಪಡೆದವರಲ್ಲಿ ಹತ್ತು ದಿನ ಕಳೆದ ಮೇಲೆ ಒಬ್ಬರಿಗೂ ಎಬೋಲಾ ಬರಲಿಲ್ಲ. ಕೇಳಿದ ಪ್ರಶ್ನೆ ಮೂರನೇ ಹಂತದ್ದೇ, ಕೇಳಿದ ರೀತಿ ಮಾತ್ರ ಬೇರೆ.

ಮೂರನೇ ಹಂತದಲ್ಲಿ ಇನ್ನೊಂದು ಕೆಲಸ ಇದೆ, ಸುದ್ದಿಯಲ್ಲಿ ಬರುವುದಿಲ್ಲ. ಕಾರ್ಖಾನೆಯ ಮೂರು ಬೇರೆ ಬೇರೆ ಬ್ಯಾಚ್‌ಗಳನ್ನು ಬೇರೆ ಬೇರೆ ಗುಂಪಿಗೆ ಕೊಟ್ಟು, ಪ್ರತಿಕಾಯ ಒಂದೇ ಸಮ ಬರುತ್ತದಾ ಅಂತ ನೋಡುವುದು. ಬೇಜಾರಿನ ಕೆಲಸ, ಆದರೆ ಬಿಡುವಂತಿಲ್ಲ. 1955ರ ಏಪ್ರಿಲ್ 12ರಂದು ಪೋಲಿಯೊ ಲಸಿಕೆ ಗೆದ್ದಿತು ಅಂತ ಘೋಷಣೆ ಆಯಿತು. ಎರಡು ವಾರ ಕಳೆಯುವಷ್ಟರಲ್ಲಿ ಕಟರ್ ಕಂಪನಿಯ ಕೆಲವು ಬ್ಯಾಚ್‌ಗಳಲ್ಲಿ ಜೀವಂತ ವೈರಸ್ ಉಳಿದಿದೆ ಅಂತ ಗೊತ್ತಾಯಿತು. ಲಸಿಕೆ ಪಡೆದವರು, ಅವರ ಸಂಪರ್ಕಕ್ಕೆ ಬಂದವರು ಸೇರಿ ಸುಮಾರು 200 ಜನರಿಗೆ ಪೋಲಿಯೊದ ಲಕ್ವ ಹೊಡೆಯಿತು, 10 ಜನ ಸತ್ತರು. ಪರೀಕ್ಷೆ ಸರಿಯಾಗಿಯೇ ಇತ್ತು, ಎಡವಟ್ಟಾದದ್ದು ತಯಾರಿಕೆಯಲ್ಲಿ.

ಈಗ ಕೋವಿಡ್ ಪ್ರಶ್ನೆ. ಬಹುತೇಕ ಕಡೆ ಹಂತಗಳನ್ನು ಹಾರಿಸಲಿಲ್ಲ, ಒಂದರ ಮೇಲೊಂದು ಹೊಂದಿಸಿದರು. ಮಾಮೂಲಿಯಾಗಿ ಒಂದು ಹಂತ ಮುಗಿದ ಮೇಲೆ ವರದಿ, ಹಣ ಹುಡುಕುವುದು, ಮುಂದಿನ ಅನುಮತಿ ಅಂತ ವರ್ಷಗಟ್ಟಲೆ ಹೋಗುತ್ತದೆ. ‘2/3’ ಅಂದರೆ ಒಂದೇ ಯೋಜನೆಯಲ್ಲಿ ಎರಡೂ ಪ್ರಶ್ನೆಗಳನ್ನು ಬರೆದಿಟ್ಟು, ಮೊದಲು ಸೇರಿದವರ ಸುರಕ್ಷತೆ ನೋಡಿಕೊಂಡು ನಿಲ್ಲದೆ ಮುಂದೆ ಹೋಗುವುದು. ಫೈಜರ್ 2020ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಮೊದಲ ಹಂತ ಶುರುಮಾಡಿತು, ಜುಲೈ 27ಕ್ಕೆ 2/3. ಡೋಸ್‌ಗಳ ತಯಾರಿಕೆಯೂ ಜೊತೆಜೊತೆಗೇ ನಡೆಯಿತು. ಲಸಿಕೆ ಸೋತಿದ್ದರೆ ಅದೆಲ್ಲ ಚರಂಡಿಗೆ. ಅಂದರೆ ಪಣಕ್ಕಿಟ್ಟದ್ದು ಹಣವನ್ನು. ಎಫ್‌ಡಿಎ ಎರಡು ಗೆರೆ ಎಳೆದಿತ್ತು: ರಕ್ಷಣೆ ಕನಿಷ್ಠ ಶೇ 50 ಇರಬೇಕು, ಮತ್ತು ಭಾಗವಹಿಸಿದವರಲ್ಲಿ ಅರ್ಧದಷ್ಟು ಜನರನ್ನಾದರೂ ಕೊನೆಯ ಡೋಸ್ ಆದ ಮೇಲೆ ಎರಡು ತಿಂಗಳು ಗಮನಿಸಿರಬೇಕು. ಕೊರತೆ ಉಳಿದದ್ದು ಒಂದೇ, ಕಾಲ. ರಕ್ಷಣೆ ಎಷ್ಟು ತಿಂಗಳು ಉಳಿಯುತ್ತದೆ ಅಂತ ಆಗ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಅದನ್ನು ಬೇಗ ತಿಳಿಯುವ ದಾರಿಯೂ ಇಲ್ಲ.

ನಿಜವಾಗಿ ಹಾರಿದವರೂ ಇದ್ದರು. ರಷ್ಯಾ 2020ರ ಆಗಸ್ಟ್ 11ರಂದು ಸ್ಪುಟ್ನಿಕ್ ವಿ ಲಸಿಕೆಗೆ ಒಪ್ಪಿಗೆ ಕೊಟ್ಟಾಗ ಕೈಯಲ್ಲಿದ್ದದ್ದು 76 ಜನರ 1/2ನೇ ಹಂತದ ಪರೀಕ್ಷೆ ಮಾತ್ರ. ಭಾರತದಲ್ಲಿ ಕೋವ್ಯಾಕ್ಸಿನ್‌ಗೆ 2021ರ ಜನವರಿ 3ರಂದು ತುರ್ತು ಅನುಮತಿ ಸಿಕ್ಕಾಗ ಮೂರನೇ ಹಂತ ನಡೆಯುತ್ತಿತ್ತು, ರಕ್ಷಣೆಯ ಅಂಕಿ ಬಂದಿರಲಿಲ್ಲ. ಆಮೇಲೆ ಎರಡರ ಫಲಿತಾಂಶವೂ ಚೆನ್ನಾಗಿಯೇ ಬಂತು, ಸ್ಪುಟ್ನಿಕ್ ಶೇ 91.6, ಕೋವ್ಯಾಕ್ಸಿನ್ ಶೇ 77.8. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಉತ್ತರ ಬರುವ ಮೊದಲೇ ಪಾಸು ಮಾಡಿದ್ದು ತಪ್ಪು. ಆಮೇಲೆ ಉತ್ತರ ಸರಿ ಬಂದದ್ದು ಬೇರೆ ಮಾತು.

ಇನ್ನು ನಾಲ್ಕನೇ ಹಂತ, ನಿಮ್ಮ ಅಸಲಿ ಭಯ. ಪರೀಕ್ಷೆ ಮುಗಿಯದೆ ಚುಚ್ಚುವುದಲ್ಲ ಅದು. ಮೂರನೇ ಹಂತ ಎಷ್ಟೇ ದೊಡ್ಡದಿದ್ದರೂ ಅದಕ್ಕೆ ಕಾಣದ ಕೆಲವು ವಿಷಯಗಳಿವೆ. ಇದಕ್ಕೊಂದು ಸರಳ ಲೆಕ್ಕವಿದೆ. 3,000 ಜನರಿಗೆ ಲಸಿಕೆ ಕೊಟ್ಟು ಒಬ್ಬರಿಗೂ ಒಂದು ತೊಂದರೆ ಬರಲಿಲ್ಲ ಅನ್ನಿ. ‘ಆ ತೊಂದರೆ ಇಲ್ಲವೇ ಇಲ್ಲ’ ಅನ್ನುವಂತಿಲ್ಲ. ‘ಅದು ಸಾವಿರಕ್ಕೆ ಒಂದಕ್ಕಿಂತ ಜಾಸ್ತಿ ಇರಲಾರದು’ ಅಂತ ಶೇ 95 ಧೈರ್ಯದಿಂದ ಹೇಳಬಹುದು, ಅಷ್ಟೇ. 3ನ್ನು ಜನರ ಸಂಖ್ಯೆಯಿಂದ ಭಾಗಿಸಿದರೆ ಆ ಮಿತಿ ಸಿಗುತ್ತದೆ. ಮೊದಲ ಹಂತದ 30 ಜನರಲ್ಲಿ ಏನೂ ಆಗಲಿಲ್ಲ ಅಂದರೆ ಹತ್ತಕ್ಕೆ ಒಂದಕ್ಕಿಂತ ಕಡಿಮೆ ಅಂತಷ್ಟೇ ಅರ್ಥ. ಲಕ್ಷಕ್ಕೆ ಒಬ್ಬರಿಗೆ ಬರುವ ತೊಂದರೆಯನ್ನು ನೋಡಬೇಕಾದರೆ ಲಕ್ಷಾಂತರ ಜನ ಹಾಕಿಸಿಕೊಳ್ಳಲೇಬೇಕು.

ರೋಟಾಶೀಲ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಶಿಶುಗಳ ಭೇದಿಗೆ ಕಾರಣವಾಗುವ ರೋಟಾವೈರಸ್ ವಿರುದ್ಧದ ಲಸಿಕೆ ಅದು. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಪರೀಕ್ಷೆಗಳಲ್ಲಿ ಲಸಿಕೆ ಪಡೆದಿದ್ದ ಶಿಶುಗಳು ಸುಮಾರು 10,000. ಬಳಕೆಗೆ ಬಂದ ಮೇಲೆ ಕೆಲವು ಶಿಶುಗಳಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿಕೊಳ್ಳುವ ತೊಂದರೆ ಕಂಡಿತು, ಸುಮಾರು 10,000ಕ್ಕೆ ಒಬ್ಬರಲ್ಲಿ. 1999ರಲ್ಲೇ ಹಿಂತೆಗೆದುಕೊಂಡರು. ಮೇಲಿನ ಲೆಕ್ಕ ಹಾಕಿ ನೋಡಿ. 10,000 ಶಿಶುಗಳ ಪರೀಕ್ಷೆಯಲ್ಲಿ ಇದು ಸ್ಪಷ್ಟವಾಗಿ ಸಿಗುವ ಹಾಗೇ ಇರಲಿಲ್ಲ. ಆಮೇಲೆ ಬಂದ ರೋಟಾಟೆಕ್, ರೋಟಾರಿಕ್ಸ್ ಲಸಿಕೆಗಳ ಮೂರನೇ ಹಂತಕ್ಕೆ ತಲಾ 60,000ಕ್ಕೂ ಹೆಚ್ಚು ಶಿಶುಗಳನ್ನು ಸೇರಿಸಿದ್ದು ಈ ಒಂದು ತೊಂದರೆಯನ್ನು ಹುಡುಕುವುದಕ್ಕೇ. ಹಿಂದಿನ ಲಸಿಕೆಯ ನಾಲ್ಕನೇ ಹಂತ ಮುಂದಿನ ಲಸಿಕೆಯ ಮೂರನೇ ಹಂತದ ಗಾತ್ರ ಗೊತ್ತುಮಾಡಿತು.

ಡೆಂಗಿ ಲಸಿಕೆ ಡೆಂಗ್‌ವಾಕ್ಸಿಯಾದ ಕತೆ ಇದಕ್ಕಿಂತ ಕಹಿ. ಅಲ್ಲಿ ಕೊರತೆ ಜನರದ್ದಲ್ಲ. ಏಷ್ಯಾ, ಲ್ಯಾಟಿನ್ ಅಮೆರಿಕ ಸೇರಿ 30,000ಕ್ಕೂ ಹೆಚ್ಚು ಮಕ್ಕಳು ಮೂರನೇ ಹಂತದಲ್ಲಿದ್ದರು. ಮೂರನೇ ವರ್ಷದ ಅಂಕಿಯಲ್ಲಿ ಚಿಕ್ಕ ಮಕ್ಕಳು ಆಸ್ಪತ್ರೆ ಸೇರುವುದು ಜಾಸ್ತಿ ಅಂತ ಸುಳಿವು ಸಿಕ್ಕಿತ್ತು. ಹಾಗಿದ್ದೂ 2016ರಲ್ಲಿ ಫಿಲಿಪ್ಪೀನ್ಸ್ ಶಾಲಾ ಮಕ್ಕಳಿಗೆ ದೊಡ್ಡ ಮಟ್ಟದಲ್ಲಿ ಕೊಡಲು ಶುರುಮಾಡಿತು. 2017ರ ನವೆಂಬರ್‌ನಲ್ಲಿ ಕಂಪನಿಯೇ ಹೇಳಿತು: ಮೊದಲು ಡೆಂಗಿ ಬಾರದವರು ಈ ಲಸಿಕೆ ಹಾಕಿಸಿಕೊಂಡರೆ, ಮುಂದೆ ಸೋಂಕು ತಗುಲಿದಾಗ ಅದು ಜೋರಾಗುವ ಅಪಾಯ ಹೆಚ್ಚು. ಎಣಿಕೆ ಸಾಲದೆ ಆದದ್ದಲ್ಲ ಇದು. ಲಸಿಕೆ ಪಡೆಯುವ ಮೊದಲು ಯಾರಿಗೆ ಡೆಂಗಿ ಬಂದಿತ್ತು, ಯಾರಿಗೆ ಬಂದಿರಲಿಲ್ಲ ಅಂತ ಹೆಚ್ಚಿನ ಮಕ್ಕಳ ರಕ್ತ ನೋಡಿರಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಸರಿಯಾಗಿ ಕೇಳಿರಲಿಲ್ಲ.

ಸುದ್ದಿಯಲ್ಲಿ ಬರೀ ‘ಮೂರನೇ ಹಂತ ಯಶಸ್ವಿ’ ಅಂತ ಇದ್ದರೆ ಆ ಪರೀಕ್ಷೆಯ ನೋಂದಣಿಯನ್ನು ನೀವೇ ನೋಡಬಹುದು. ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಅಥವಾ ವಿಶ್ವ ಆರೋಗ್ಯ ಸಂಸ್ಥೆಯ ಟ್ರಯಲ್ ನೋಂದಣಿ ಜಾಲತಾಣದಲ್ಲಿ ‘ಪ್ರೈಮರಿ ಔಟ್‌ಕಮ್’ ಅನ್ನುವ ಸಾಲು ಇರುತ್ತದೆ. ಪರೀಕ್ಷೆಯ ಅಸಲಿ ಪ್ರಶ್ನೆ ಅದೇ. ಅಲ್ಲಿ ರೋಗದ ಹೆಸರಿದೆಯಾ, ಪ್ರತಿಕಾಯದ ಅಳತೆ ಮಾತ್ರ ಇದೆಯಾ ನೋಡಿ. ಪ್ರತಿಕಾಯ ಮಾತ್ರ ಇದ್ದರೆ ಮೋಸ ಅಂತಲ್ಲ. ಹೆಪಟೈಟಿಸ್ ಬಿಗೆ ರಕ್ತದಲ್ಲಿ ಎಷ್ಟು ಪ್ರತಿಕಾಯ ಇದ್ದರೆ ರಕ್ಷಣೆ ಅಂತ ಗೊತ್ತಿದೆ, ಫ್ಲೂಗೂ ಒಂದು ಒಪ್ಪಿತ ಅಳತೆ ಇದೆ. ವರ್ಷ ವರ್ಷ ಫ್ಲೂ ಲಸಿಕೆಯ ತಳಿ ಬದಲಿಸಿದಾಗ ಹತ್ತಾರು ಸಾವಿರ ಜನರ ಪರೀಕ್ಷೆ ಮತ್ತೆ ಮಾಡುವುದಿಲ್ಲ.

ಎಚ್‌ಐವಿಗೆ ಅಂತಹ ಅಳತೆ ಇಲ್ಲ. ಥಾಯ್ಲೆಂಡ್‌ನಲ್ಲಿ 16,000 ಜನರ ಮೇಲೆ ನಡೆದ ಪರೀಕ್ಷೆ 2009ರಲ್ಲಿ ಸುಮಾರು ಶೇ 31 ರಕ್ಷಣೆ ತೋರಿಸಿತು. ಅದನ್ನೇ ಸುಧಾರಿಸಿ ದಕ್ಷಿಣ ಆಫ್ರಿಕಾಕ್ಕೆ ಒಂದು ಲಸಿಕೆ ಮಾಡಿದರು. ಅದರ ಚಿಕ್ಕ ಪರೀಕ್ಷೆಯಲ್ಲಿ ಪ್ರತಿಕಾಯ ಇಷ್ಟು ಬಂದರೆ ಮಾತ್ರ ಮುಂದೆ ಅಂತ ಮೊದಲೇ ಗೆರೆ ಹಾಕಿದ್ದರು. ಲಸಿಕೆ ಎಲ್ಲ ಗೆರೆಗಳನ್ನೂ ದಾಟಿತು. ಆಮೇಲೆ 5,400 ಜನರ 2ಬಿ/3ನೇ ಹಂತ. 2020ರ ಆರಂಭದಲ್ಲಿ ನಡುವೆ ಲೆಕ್ಕ ತೆಗೆದು ನೋಡಿದಾಗ ಪ್ಲಸೀಬೊ ಗುಂಪಿನಲ್ಲಿ ಸೋಂಕು ತಗುಲಿದವರು 123, ಲಸಿಕೆ ಪಡೆದವರಲ್ಲಿ 129. ಅಲ್ಲಿಗೆ ಲಸಿಕೆ ಹಾಕುವುದನ್ನು ನಿಲ್ಲಿಸಿದರು.